ನೋಡುವ ಕಣ್ಣು, ಹುಡುಕುವ ಕಣ್ಣು: ಮುಂಬಯಿಯಲ್ಲಿ ಪುಟದ ಗುಣದೋಷ ವಿಚಾರ

ಜಾಲತಾಣವೊಂದರ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಪು ಕೊಡುವ ರೂಢಿಗೆ ಮುಂಬಯಿಯಲ್ಲಿ ಸುಮಾರು ಮೂವತ್ತು ವರ್ಷಗಳ ವಯಸ್ಸಾಗಿದೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಮುಂಬಯಿಯೂ ಸೇರಿದಂತೆ ದೇಶದ ಮಹಾನಗರಗಳಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಂಪರ್ಕವನ್ನು ತೆರೆದುಕೊಟ್ಟ ಮೇಲೆಯೇ ಇಂಥ ತೀರ್ಪಿಗೆ ವಸ್ತುವೊಂದು ಒದಗಿತು. ಆದರೆ ವಸ್ತು ಹೊಸದಾದರೂ ಅದನ್ನು ಅಳೆಯಲು ಈ ನಗರ ಕೈಗೆತ್ತಿಕೊಂಡ ಅಳತೆಗೋಲುಗಳು ಹಳೆಯವು; ಅಚ್ಚುಮನೆ, ಪಂಚಾಂಗ, ರೈಲು ನಿಲ್ದಾಣ, ಜಾಹೀರಾತು ಕಂಪನಿ, ಶೇರುಪೇಟೆ ಇವುಗಳಲ್ಲಿ ತಲೆಮಾರುಗಳಿಂದ ಸವೆದು ನಯಗೊಂಡಂಥವು. ಈ ಅಳತೆಗಳನ್ನು ಸ್ಥೂಲವಾಗಿ ಎರಡು ಬಗೆಯ ಕಣ್ಣುಗಳಿಗೆ ಸೇರಿಸಬಹುದು. ಒಂದು, ಪುಟವನ್ನು ಚಿತ್ರದಂತೆ ಎದುರಿಗಿಟ್ಟುಕೊಂಡು ಅದರ ಅಂದವನ್ನು ಸವಿಯುವ ನೋಡುವ ಕಣ್ಣು. ಇನ್ನೊಂದು, ಯಾವುದೋ ಒಂದು ಮಾಹಿತಿಗಾಗಿ ಅವಸರದಲ್ಲಿ ಬಂದು, ಅದು ಸಿಕ್ಕೊಡನೆ ಹೊರಟುಹೋಗುವ ಹುಡುಕುವ ಕಣ್ಣು. ಜಾಲತಾಣಗಳು ಬಂದ ಮೊದಲ ವರ್ಷಗಳಲ್ಲಿ ನ್ಯಾಯಪೀಠದಲ್ಲಿ ಕುಳಿತದ್ದು ನೋಡುವ ಕಣ್ಣು. ಆ ಪೀಠ ಹುಡುಕುವ ಕಣ್ಣಿಗೆ ದಕ್ಕಿದ್ದು ನಿಧಾನವಾಗಿ, ಕಣ್ಣೇ ಇಲ್ಲದವರ ಕಿವಿಗೆ ದಕ್ಕಿದ್ದಂತೂ ತೀರ ಈಚೆಗೆ.

ಗುಣದೋಷಗಳ ಚರ್ಚೆ ಕನ್ನಡಕ್ಕೆ ಹೊಸತಲ್ಲ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ದೋಷಾದೋಷಗಳ ನಿರ್ಣಯಕ್ಕೆ ಮೀಸಲಾಗಿದೆ. ಅಲಂಕಾರಕ್ಕಿಂತ ಮೊದಲು ದೋಷವನ್ನು ಎತ್ತಿಕೊಂಡ ಆ ಕ್ರಮದಲ್ಲಿ ಒಂದು ವಿವೇಕವಿದೆ: ಸೊಗಸು ಬರುವುದು ಆಮೇಲೆ, ಮೊದಲು ಓದುಗನ ಕಾಲಿಗೆ ತೊಡರುವ ಕಲ್ಲುಗಳನ್ನು ತೆಗೆಯಬೇಕು. ಆ ಗ್ರಂಥದೊಂದಿಗೆ ಹೆಸರು ಬೆಸೆದುಕೊಂಡಿರುವ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಉಲ್ಲೇಖಿಸುವ ಶಾಸನಗಳು ಮುಂಬಯಿಯ ಉಪನಗರವಾದ ಬೊರಿವಲಿಯ ಮಗ್ಗುಲಿನ ಕಾನ್ಹೇರಿ ಗುಹೆಗಳಲ್ಲಿ ಇಂದಿಗೂ ಇವೆಯೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಈ ನಗರದ ಗುಣದೋಷ ವಿಚಾರಕ್ಕೆ ಕನ್ನಡದ ಮಾತನ್ನು ತರುವುದು ತೀರ ದೂರದಿಂದ ತಂದಂತೇನೂ ಆಗದು.

ಮುಂಬಯಿಯಲ್ಲಿ ಪುಟವೆಂಬ ವಸ್ತು ಜನರ ತೀರ್ಪಿಗೆ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದ ಅಚ್ಚುಮನೆಗಳಿಂದ. ಫರ್ದುನ್‌ಜಿ ಮರ್ಝ್‌ಬಾನ್ 1822ರಲ್ಲಿ ಆರಂಭಿಸಿದ ಗುಜರಾತಿ ಪತ್ರಿಕೆ ‘ಮುಂಬಯಿ ಸಮಾಚಾರ’ ಇಂದಿಗೂ ನಡೆಯುತ್ತಿದೆ. ಅಕ್ಷರದ ಅಂದಕ್ಕೆ ಹೆಸರಾದದ್ದು ಮಾತ್ರ ಜಾವ್‌ಜಿ ದಾದಾಜಿ 1869ರಲ್ಲಿ ಸ್ಥಾಪಿಸಿದ ನಿರ್ಣಯಸಾಗರ ಮುದ್ರಣಾಲಯ. ಬಾಲ್ಯದಲ್ಲಿಯೇ ಅಮೆರಿಕನ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚುಮೊಳೆಗಳ ಕೆಲಸಕ್ಕೆ ಸೇರಿ ಪಳಗಿದ್ದ ಜಾವ್‌ಜಿಯೂ ಅಕ್ಷರ ಕೊರೆಯುವುದರಲ್ಲಿ ನಿಪುಣನಾಗಿದ್ದ ರಾಣೋಜಿ ರಾವ್‌ಜಿ ಆರೂ ಎಂಬಾತನೂ ಸೇರಿ ಸಿದ್ಧಪಡಿಸಿದ ನಾಗರೀ ಮೊಳೆಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ, ಸಂಸ್ಕೃತ ಪಾಠಶಾಲೆಗಳಲ್ಲಿ ‘ನಿರ್ಣಯಸಾಗರದ ಪ್ರತಿ’ ಎಂಬುದೇ ಶುದ್ಧಪಾಠಕ್ಕೂ ಶುದ್ಧ ಮುದ್ರಣಕ್ಕೂ ಪರ್ಯಾಯ ಪದವಾಯಿತು. ಆ ಪ್ರತಿಗಳನ್ನು ಮೆಚ್ಚಿದವರು ಪುಟದ ಸುತ್ತಣ ಚಿತ್ತಾರವನ್ನು ಕಂಡು ಮೆಚ್ಚಲಿಲ್ಲ. ಮೂಲ ಶ್ಲೋಕ ಯಾವುದು, ವ್ಯಾಖ್ಯಾನ ಯಾವುದು, ಪಾಠಾಂತರ ಯಾವುದು ಎಂಬುದು ಅಕ್ಷರದ ಗಾತ್ರ ಮತ್ತು ಸ್ಥಾನಗಳಿಂದಲೇ ತಿಳಿಯುತ್ತಿತ್ತೆಂಬುದು ಆ ಮೆಚ್ಚುಗೆಗೆ ಕಾರಣ. ಇಂದಿನ ವಿನ್ಯಾಸಕರು ‘ಶ್ರೇಣಿ’ ಎಂದು ಕರೆಯುವುದು, ಅಂದರೆ ಮುಖ್ಯವಾದದ್ದನ್ನು ದೊಡ್ಡದಾಗಿಯೂ ಪೂರಕವಾದದ್ದನ್ನು ಸಣ್ಣದಾಗಿಯೂ ಕಾಣಿಸಿ ಓದುವ ಕಣ್ಣಿಗೆ ದಾರಿ ತೋರುವುದು, ಇದಕ್ಕಿಂತ ಬೇರೆಯಲ್ಲ.

ಮನೆಮನೆಯ ಗೋಡೆಯನ್ನೇರಿದ ಪುಟವೆಂದರೆ ‘ಕಾಲನಿರ್ಣಯ’. ಜಯಂತರಾವ್ ಸಾಳಗಾಂವಕರ್ 1973ರಲ್ಲಿ ಮುಂಬಯಿಯಲ್ಲಿ ಹೊರತಂದ ಈ ಗೋಡೆ ಪಂಚಾಂಗ ಮುಂದೆ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪ್ರಕಟವಾಯಿತು. ಅದರ ಒಂದೊಂದು ಚೌಕದಲ್ಲಿ ತಾರೀಖು, ತಿಥಿ, ನಕ್ಷತ್ರ, ಹಬ್ಬ ಎಲ್ಲವೂ ಕಿಕ್ಕಿರಿದಿರುತ್ತವೆ. ವಿನ್ಯಾಸಶಾಲೆಯ ಮೊದಲ ವರ್ಷದ ವಿದ್ಯಾರ್ಥಿ ಅದನ್ನು ನೋಡಿದರೆ ಉಸಿರಾಡಲು ಜಾಗವಿಲ್ಲವೆಂದು ದೂರಿಯಾನು. ಆದರೂ ಅಡುಗೆಮನೆಯ ಬಾಗಿಲಲ್ಲಿ ನಿಂತ ಗೃಹಿಣಿಗೆ ಸಂಕಷ್ಟಿ ಯಾವಾಗ, ಚಂದ್ರೋದಯ ಎಷ್ಟು ಗಂಟೆಗೆ ಎಂಬುದು ಕ್ಷಣದಲ್ಲಿ ಸಿಗುತ್ತದೆ, ಏಕೆಂದರೆ ಪ್ರತಿಯೊಂದು ಸಂಗತಿಯೂ ವರ್ಷದಿಂದ ವರ್ಷಕ್ಕೆ ಚೌಕದ ಅದೇ ಮೂಲೆಯಲ್ಲಿ ಕೂತಿರುತ್ತದೆ. ಕಿಕ್ಕಿರಿದಿರುವುದು ತಾನಾಗಿಯೇ ದೋಷವಲ್ಲ, ಜಾಗ ಬದಲಾಯಿಸುವುದು ದೋಷ. ವರ್ಷಕ್ಕೊಮ್ಮೆ ಮುಖಪುಟವನ್ನು ತಲೆಕೆಳಗು ಮಾಡುವ ಜಾಲತಾಣಗಳಿಗೆ ಈ ಪಾಠ ಇನ್ನೂ ಪೂರ್ತಿ ದಕ್ಕಿಲ್ಲ.

ಹುಡುಕುವ ಕಣ್ಣಿನ ನಿಜವಾದ ಗರಡಿಮನೆ ಉಪನಗರ ರೈಲು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಓಡಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾದವರೆಗೆ ಹಾರ್ಬರ್ ಮಾರ್ಗದಲ್ಲಿ ವಿದ್ಯುತ್ ರೈಲು ಆರಂಭವಾಯಿತು. ಗಾಡಿಗಳ ನಡುವಣ ಅಂತರ ಕೆಲವೇ ನಿಮಿಷಗಳಿಗೆ ಇಳಿದು, ಒಂದೇ ಪ್ಲಾಟ್‌ಫಾರ್ಮಿಗೆ ಬೇರೆ ಬೇರೆ ಊರುಗಳ ಗಾಡಿಗಳು ಬಂದು ನಿಲ್ಲತೊಡಗಿದ ಮೇಲೆ, ಮೇಲಿಂದ ತೂಗುಹಾಕಿದ ಸೂಚನಾ ಫಲಕ, ಅಂದರೆ ಮುಂಬಯಿಯ ಎಲ್ಲ ಭಾಷೆಗಳವರೂ ‘ಇಂಡಿಕೇಟರ್’ ಎಂದೇ ಕರೆಯುವ ವಸ್ತು, ನಗರದಲ್ಲಿ ಅತ್ಯಂತ ಹೆಚ್ಚು ಓದಿಸಿಕೊಂಡ ಪುಟವಾಯಿತು. ಅದರಲ್ಲಿ ಇರುವುದಿಷ್ಟೇ: ಗಾಡಿ ಹೋಗುವ ಊರು, ಹೊರಡುವ ಹೊತ್ತು, ನಿಧಾನವೋ ವೇಗವೋ ಎಂಬುದಕ್ಕೆ ಒಂದಕ್ಷರ, ಬೋಗಿ ಹನ್ನೆರಡೋ ಹದಿನೈದೋ ಎಂಬ ಸಂಖ್ಯೆ. ಬೋಗಿಗಳ ಸಂಖ್ಯೆ ಹೊರಗಿನವರಿಗೆ ಅನವಶ್ಯಕವೆನಿಸಬಹುದು. ಆದರೆ ತಾನು ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿ ನಿಲ್ಲಬೇಕೆಂಬುದು ಅದರ ಮೇಲೆಯೇ ನಿಂತಿರುವುದರಿಂದ ಪ್ರಯಾಣಿಕನಿಗೆ ಅದು ಊರಿನ ಹೆಸರಿನಷ್ಟೇ ಮುಖ್ಯ. ಏನನ್ನು ಬಿಡಬೇಕೆಂಬ ತೀರ್ಮಾನವೂ ಅಷ್ಟೇ ಗಟ್ಟಿಯಾಗಿತ್ತು. ಇಂಡಿಕೇಟರಿನಲ್ಲಿ ಯಾರಿಗೂ ಸ್ವಾಗತ ಕೋರಿರಲಿಲ್ಲ.

ಈ ಪದ್ಧತಿಯ ಗುಣವೂ ದೋಷವೂ ಒಂದೇ ಅಕ್ಷರದಲ್ಲಿ ಅಡಗಿರುವುದು ಕುತೂಹಲದ ಸಂಗತಿ. ಮಧ್ಯ ರೈಲ್ವೆಯ ಸಂಕೇತಗಳಲ್ಲಿ ಠಾಣೆಗೆ ‘ಟಿ’, ಕಲ್ಯಾಣಕ್ಕೆ ‘ಕೆ’ ಎಂದಿರುವುದು ಸಹಜವಾಗಿದೆ. ಆದರೆ ಕಸಾರಾಕ್ಕೆ ‘ಎನ್’ ಎಂದೂ ಕರ್ಜತ್‌ಗೆ ‘ಎಸ್’ ಎಂದೂ ಇದೆ. ಅದೇ ‘ಎಸ್’ ಇನ್ನೊಂದು ಜಾಗದಲ್ಲಿ ಬಂದಾಗ ನಿಧಾನದ ಗಾಡಿ ಎಂಬ ಅರ್ಥ ಕೊಡುತ್ತದೆ. ಹತ್ತು ವರ್ಷಗಳಿಂದ ಡೊಂಬಿವಲಿಯಿಂದ ಓಡಾಡುವ ಗುಮಾಸ್ತನಿಗೆ ಇದರಲ್ಲಿ ಗೊಂದಲವೇ ಇಲ್ಲ, ಅವನು ಅಕ್ಷರವನ್ನು ಓದುವುದಕ್ಕಿಂತ ಹೆಚ್ಚಾಗಿ ಅದರ ಸ್ಥಾನವನ್ನು ಓದುತ್ತಾನೆ. ಉಡುಪಿಯಿಂದಲೋ ಕಲಬುರಗಿಯಿಂದಲೋ ಬಂದು ಮೊದಲ ದಿನ ದಾದರಿನಲ್ಲಿ ಇಳಿದವನು ಮಾತ್ರ ಪಕ್ಕದವನ ಮುಖ ನೋಡಬೇಕಾಗುತ್ತದೆ. ಬಳಸಿ ಪಳಗಿದವನಿಗೆ ವೇಗ ಕೊಡುವ ವಿನ್ಯಾಸ ಹೊಸಬನನ್ನು ಹೊರಗೆ ನಿಲ್ಲಿಸುತ್ತದೆ, ಹೊಸಬನಿಗೆ ಎಲ್ಲವನ್ನೂ ಬಿಡಿಸಿ ಹೇಳುವ ವಿನ್ಯಾಸ ಪಳಗಿದವನ ಗಾಡಿ ತಪ್ಪಿಸುತ್ತದೆ. ಈ ಎಳೆದಾಟವನ್ನು ಯಾವ ಪಠ್ಯಪುಸ್ತಕವೂ ಬಗೆಹರಿಸಿಲ್ಲ. ಪ್ರತಿಯೊಂದು ಪುಟವೂ ತನ್ನ ಬಳಕೆದಾರ ಯಾರೆಂದು ನಿರ್ಧರಿಸಿಕೊಂಡು ಒಂದು ಕಡೆಗೆ ವಾಲಲೇಬೇಕು.

ನೋಡುವ ಕಣ್ಣಿಗೆ ತರಬೇತಿ ಸಿಕ್ಕಿದ್ದು ಬೇರೆಡೆ. 1857ರಲ್ಲಿ ಆರಂಭವಾದ ಸರ್ ಜೆ.ಜೆ. ಕಲಾಶಾಲೆಯಲ್ಲಿ 1935ರಲ್ಲಿ ವಾಣಿಜ್ಯ ಕಲೆಯ ವಿಭಾಗ ತೆರೆಯಿತು. ಅಲ್ಲಿ ಕಲಿತವರು ಗಿರಣಿ ಬಟ್ಟೆಯ ಚೀಟಿ, ಸಾಬೂನಿನ ಜಾಹೀರಾತು, ಸಿನಿಮಾ ಭಿತ್ತಿಪತ್ರಗಳ ಲೋಕಕ್ಕೆ ಹೊರಟರು. 1948ರಲ್ಲಿ ಹುಟ್ಟಿದ ಕಮರ್ಷಿಯಲ್ ಆರ್ಟಿಸ್ಟ್ಸ್ ಗಿಲ್ಡ್ ವಾಣಿಜ್ಯ ಕಲೆಗೆ ಪ್ರದರ್ಶನ, ಬಹುಮಾನ, ತೀರ್ಪುಗಾರರ ಮಂಡಳಿ ಎಂಬ ವ್ಯವಸ್ಥೆಯನ್ನು ಕೊಟ್ಟಿತು. ಆ ವ್ಯವಸ್ಥೆಯಲ್ಲಿ ಕೃತಿಯನ್ನು ಗೋಡೆಗೆ ತೂಗುಹಾಕಿ, ಅದೇ ವೃತ್ತಿಯ ಹಿರಿಯರು ಎದುರು ನಿಂತು ನೋಡಿ ಅಂಕ ಕೊಡುತ್ತಿದ್ದರು. ಭಿತ್ತಿಪತ್ರಕ್ಕೆ ಇದು ತಕ್ಕ ಕ್ರಮವೇ ಸರಿ, ಏಕೆಂದರೆ ಭಿತ್ತಿಪತ್ರ ಇರುವುದೇ ನೋಡುವುದಕ್ಕೆ. ಆದರೆ ರೈಲಿನ ವೇಳಾಪಟ್ಟಿಯನ್ನೋ ಬ್ಯಾಂಕಿನ ಅರ್ಜಿ ನಮೂನೆಯನ್ನೋ ಗೋಡೆಗೆ ತೂಗುಹಾಕಿ ತೀರ್ಪು ಕೊಡಲಾಗದು. ಅದನ್ನು ಬಳಸುವವನ ಕೈಗಿತ್ತು, ಪಕ್ಕದಲ್ಲಿ ಕೂತು ಗಮನಿಸಬೇಕು. ಈ ಎರಡನೆಯ ಬಗೆಯ ಪರೀಕ್ಷೆಗೆ ನೆಲೆಯಾದದ್ದು ಪೊವಾಯಿಯ ಐಐಟಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಇಂಡಸ್ಟ್ರಿಯಲ್ ಡಿಸೈನ್ ಸೆಂಟರ್, ಎಂದರೆ ಐಡಿಸಿ. ಜರ್ಮನಿಯ ಉಲ್ಮ್ ವಿನ್ಯಾಸಶಾಲೆಯಲ್ಲಿ ಕಲಿತು ಬಂದಿದ್ದ ಸುಧಾಕರ ನಾಡಕರ್ಣಿ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು. ವಿನ್ಯಾಸವೆಂದರೆ ಅಲಂಕಾರವಲ್ಲ, ಸಮಸ್ಯೆಯ ಪರಿಹಾರ ಎಂಬ ಉಲ್ಮ್‌ನ ನಿಲುವು ಅವರ ಮೂಲಕ ಪೊವಾಯಿಗೆ ಬಂತು.

ತೆರೆಯ ಮೇಲಿನ ಪುಟ ಮುಂಬಯಿಯ ವ್ಯವಹಾರಕ್ಕೆ ಬಂದದ್ದು ಇಂಟರ್‌ನೆಟ್ಟಿಗಿಂತ ಮುಂಚೆ, ಶೇರುಪೇಟೆಯ ಮೂಲಕ. ದಲ್ಲಾಳ್ ಸ್ಟ್ರೀಟಿನ ಅಂಗಳದಲ್ಲಿ ಕೂಗಿ, ಕೈಸನ್ನೆ ಮಾಡಿ ಕೊಂಡು ಮಾರುತ್ತಿದ್ದ ಕಾಲಕ್ಕೆ ತೆರೆ ಎಳೆದದ್ದು 1994ರ ನವೆಂಬರಿನಲ್ಲಿ ಶೇರು ವ್ಯವಹಾರ ಆರಂಭಿಸಿದ ರಾಷ್ಟ್ರೀಯ ಶೇರು ವಿನಿಮಯ ಕೇಂದ್ರ. ಮರುವರ್ಷ ಹಳೆಯ ಮುಂಬಯಿ ಶೇರುಪೇಟೆಯೂ ತೆರೆಗೆ ಬಂತು. ವಿನಿಮಯ ಕೇಂದ್ರದ ವ್ಯವಹಾರ ತೆರೆಯಲ್ಲಿ ಕೊಳ್ಳುವುದಕ್ಕೆ ಕೀಲಿಮಣೆಯ ಎಫ್1, ಮಾರುವುದಕ್ಕೆ ಎಫ್2. ಕೊಳ್ಳುವ ಪಟ್ಟಿಗೆ ನೀಲಿ, ಮಾರುವ ಪಟ್ಟಿಗೆ ಕೆಂಪು. ಅಂಕಿಗಳೇ ತುಂಬಿದ ಆ ತೆರೆಯನ್ನು ಸುಂದರವೆಂದು ಯಾರೂ ಕರೆದಿರಲಾರರು. ಆದರೆ ಅದರ ತೀರ್ಪುಗಾರ ಕಲಾವಿದನಲ್ಲ, ದಲ್ಲಾಳಿಯ ಬೆರಳು. ಅರೆಗಳಿಗೆ ತಡವಾದರೂ ತಪ್ಪು ಕೀಲಿ ಒತ್ತಿದರೂ ಆಗುವುದು ಹಣದ ನಷ್ಟ. ಪಂಚಾಂಗದ ಚೌಕದಲ್ಲಿದ್ದ ನಿಯಮ, ಒಂದಕ್ಕೆ ಒಂದೇ ಜಾಗ ಮತ್ತು ಅದು ಎಂದೂ ಬದಲಾಗದ ಜಾಗ ಎಂಬ ನಿಯಮ, ಇಲ್ಲಿ ಹಣದ ಬಲದೊಂದಿಗೆ ಮರಳಿ ಬಂತು.

ಜಾಲತಾಣಗಳ ಆರಂಭದ ಕಥೆಗೆ ಎರಡು ಮನೆಗಳು. ಒಂದು ಜುಹೂವಿನ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ. 1985ರಲ್ಲಿ ಸ್ಥಾಪನೆಯಾಗಿ ಎಸ್. ರಮಣಿ ಅವರ ನಿರ್ದೇಶನದಲ್ಲಿ ಬೆಳೆದ ಈ ಸಂಸ್ಥೆ ಶೈಕ್ಷಣಿಕ ಜಾಲ ಎರ್‌ನೆಟ್‌ಗೆ ದುಡಿದದ್ದಲ್ಲದೆ, ಭಾರತದ ಜಾಲತಾಣಗಳ ಹೆಸರಿನ ಕೊನೆಗೆ ಬರುವ ‘ಡಾಟ್ ಇನ್’ ನೋಂದಣಿಯನ್ನೂ ಬಹುಕಾಲ ನೋಡಿಕೊಂಡಿತು. ಇನ್ನೊಂದು ಜಾಹೀರಾತು ಲೋಕ. 1973ರಲ್ಲಿ ರಿಡಿಫ್ಯೂಷನ್ ಜಾಹೀರಾತು ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರಾದ ಅಜಿತ್ ಬಾಲಕೃಷ್ಣನ್ 1996ರಲ್ಲಿ ‘ರಿಡಿಫ್ ಆನ್ ದ ನೆಟ್’ ಎಂಬ ತಾಣವನ್ನು ಆರಂಭಿಸಿದರು. ಭಿತ್ತಿಪತ್ರದ ಸೌಂದರ್ಯಪ್ರಜ್ಞೆಯಲ್ಲಿ ಪಳಗಿದ ಮನೆಯಿಂದ ಬಂದ ತಾಣವೇ ಕೊಂಡಿಗಳ ಸಾಲುಗಳಿಂದ ತುಂಬಿದ, ಪತ್ರಿಕೆಯಂಥ ಮುಖಪುಟದ ಕಡೆಗೆ ಹೋದದ್ದು ಗಮನಾರ್ಹ. ಅಂದಿನ ದೂರವಾಣಿ ಸಂಪರ್ಕದ ವೇಗ ಸೆಕೆಂಡಿಗೆ 9,600 ಬಿಟ್‌ಗಳಷ್ಟಿದ್ದಾಗ ಅರವತ್ತು ಕಿಲೋಬೈಟ್ ತೂಕದ ಒಂದು ಚಿತ್ರ ತೆರೆಯ ಮೇಲೆ ಪೂರ್ತಿ ಮೂಡಲು ಐವತ್ತು ಸೆಕೆಂಡು ಬೇಕಾಗುತ್ತಿತ್ತು, ಅಷ್ಟು ಹೊತ್ತೂ ದೂರವಾಣಿಯ ಬಿಲ್ಲು ಏರುತ್ತಲೇ ಇರುತ್ತಿತ್ತು. ಹೀಗಾಗಿ ಮುಂಬಯಿಯಲ್ಲಿ ಜಾಲತಾಣದ ಮೊದಲ ವಿಮರ್ಶಕ ಗಡಿಯಾರ.

ಸಂಪರ್ಕ ಸುಧಾರಿಸಿದ್ದೇ ತಡ, ನೋಡುವ ಕಣ್ಣು ಮರಳಿ ಪೀಠವೇರಿತು. 2000ದ ಆಸುಪಾಸಿನಲ್ಲಿ ಕಂಪನಿಗಳು ಜಾಲತಾಣ ಮಾಡಿಸುವ ಕೆಲಸವನ್ನು ಜಾಹೀರಾತು ಸಂಸ್ಥೆಗಳಿಗೂ ಅವುಗಳಿಂದ ಕವಲೊಡೆದ ಸ್ಟುಡಿಯೋಗಳಿಗೂ ಒಪ್ಪಿಸತೊಡಗಿದವು. ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಸಿದ್ಧಪಡಿಸಿದ, ಲಾಂಛನ ತಿರುಗುತ್ತ ಸಂಗೀತ ಕೇಳಿಬರುವ ಪ್ರವೇಶಪುಟ ಆ ಕಾಲದ ಪ್ರತಿಷ್ಠೆ. ‘ಪ್ರವೇಶವನ್ನು ದಾಟಿ ಮುಂದೆ ಹೋಗಿ’ ಎಂಬ ಗುಂಡಿಯೇ ಅದರಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಿದ್ದ ಭಾಗ. ಇದೇ ಹೊತ್ತಿಗೆ ಡೆನ್ಮಾರ್ಕ್ ಮೂಲದ ಯಾಕೋಬ್ ನೀಲ್ಸನ್ ಅಮೆರಿಕದಲ್ಲಿ ಬಳಕೆಯ ಸುಲಭತೆಯ ಹತ್ತು ಸೂತ್ರಗಳನ್ನು ಮಂಡಿಸಿ (ಅವು ಈ ರೂಪಕ್ಕೆ ಬಂದದ್ದು 1994ರಲ್ಲಿ), ಫ್ಲ್ಯಾಶ್‌ನ ಬಹುಪಾಲು ಬಳಕೆ ಕೆಟ್ಟದ್ದೆಂದು 2000ದಲ್ಲಿ ಕಟುವಾಗಿ ಬರೆದಿದ್ದರು. ವ್ಯವಸ್ಥೆ ಏನು ಮಾಡುತ್ತಿದೆಯೆಂಬುದು ಬಳಸುವವನಿಗೆ ತಿಳಿಯುತ್ತಿರಬೇಕು, ಅದು ಅವನ ಮಾತಿನಲ್ಲೇ ಮಾತಾಡಬೇಕು, ತಪ್ಪು ಮಾಡಿದರೆ ಹಿಂದಕ್ಕೆ ಬರುವ ದಾರಿಯಿರಬೇಕು ಎಂಬ ಧಾಟಿಯ ಆ ಸೂತ್ರಗಳು ವಿನ್ಯಾಸಶಾಲೆಗಳಿಗೆ ಬಹುಬೇಗ ತಲುಪಿದವು, ಕಂಪನಿಗಳ ಒಪ್ಪಿಗೆಯ ಕೋಣೆಗಳಿಗೆ ಬಹಳ ತಡವಾಗಿ. ಆ ಕೋಣೆಯಲ್ಲಿ ಕೊನೆಯ ಮಾತು ಹಣ ಕೊಡುವವನದು. ಅವನು ಪುಟವನ್ನು ನೋಡುತ್ತಾನೆಯೇ ಹೊರತು ಅದರಲ್ಲಿ ಏನನ್ನೂ ಹುಡುಕುವುದಿಲ್ಲ. ಮಾಟುಂಗಾದ ಉಡುಪಿ ಹೋಟೆಲಿನ ಮಾಲೀಕ ತಿಂಡಿಪಟ್ಟಿಯ ಹಲಗೆಯನ್ನು ಗಿರಾಕಿ ಕೂರುವ ಜಾಗದಲ್ಲಿ ಕೂತು ನೋಡಿ, ಕಾಣಿಸದಿದ್ದರೆ ಹಲಗೆಯನ್ನು ಬೇರೆ ಗೋಡೆಗೆ ಹಾಕಿಸುತ್ತಾನೆ. ಅಷ್ಟು ಸಣ್ಣ ಪರೀಕ್ಷೆಯೂ ಎಷ್ಟೋ ದುಬಾರಿ ಜಾಲತಾಣಗಳಿಗೆ ಆಗಿರಲಿಲ್ಲ.

ಇಷ್ಟೆಲ್ಲ ಚರ್ಚೆ ಇಂಗ್ಲಿಷ್ ಪುಟಗಳಿಗೆ ಸಂಬಂಧಿಸಿದ್ದು. ಕನ್ನಡದ ಪುಟಕ್ಕೆ ಮೊದಲ ಪರೀಕ್ಷೆ ಬೇರೆಯೇ ಇತ್ತು: ಅಕ್ಷರ ಕಾಣಿಸುತ್ತದೆಯೇ? 1990ರ ದಶಕದ ಕೊನೆಯಲ್ಲಿ ಒಂದೊಂದು ಕನ್ನಡ ತಾಣಕ್ಕೂ ತನ್ನದೇ ಫಾಂಟು, ಅದಕ್ಕೆ ತನ್ನದೇ ಸಂಕೇತಕ್ರಮ. ಇಂಗ್ಲಿಷ್ ಅಕ್ಷರಗಳ ಸಂಖ್ಯಾಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಆ ಫಾಂಟು ಗಣಕದಲ್ಲಿ ಇಲ್ಲದಿದ್ದರೆ ಓದುಗನಿಗೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಊರಿನ ಸುದ್ದಿಗಾಗಿ ಕಾದಿರುತ್ತಿದ್ದ ಮುಂಬಯಿ ಕನ್ನಡಿಗನಿಗೆ ವಿನ್ಯಾಸದ ಗುಣದೋಷ ವಿಚಾರ ಇಲ್ಲಿಯೇ ಆರಂಭವಾಗಿ ಇಲ್ಲಿಯೇ ಮುಗಿಯುತ್ತಿತ್ತು. ಪ್ರಪಂಚದ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸ್ಥಿರ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದ್ದರೂ ಅದನ್ನು ಸರಿಯಾಗಿ ಮೂಡಿಸಬಲ್ಲ ಫಾಂಟೂ ಗಣಕವೂ ಒಟ್ಟಿಗೆ ಬರಲು ಹತ್ತು ವರ್ಷ ಹಿಡಿಯಿತು.

ಈ ಬದಲಾವಣೆಯಲ್ಲಿ ಮುಂಬಯಿಯ ಪಾಲು ದೊಡ್ಡದು, ಕನ್ನಡದಲ್ಲಿ ಅದರ ನೆನಪು ಮಾತ್ರ ಚಿಕ್ಕದು. ಕಿನ್ನಿಕಂಬಳ ಪದ್ಮನಾಭ ರಾವ್, ಕನ್ನಡಿಗರೆಲ್ಲ ಕೆ.ಪಿ. ರಾವ್ ಎಂದು ಬಲ್ಲವರು, ಮುಂಬಯಿಯ ಮುದ್ರಣರಂಗದಲ್ಲಿ ದುಡಿದು, ಭಾರತೀಯ ಲಿಪಿಗಳನ್ನು ಯಂತ್ರದಲ್ಲಿ ಜೋಡಿಸುವ ಕಷ್ಟವನ್ನು ಅಲ್ಲಿಂದಲೇ ಅರಿತವರು. ಧ್ವನಿಕ್ರಮಕ್ಕೆ ಅನುಗುಣವಾಗಿ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಕನ್ನಡಕ್ಕೆ ಅಧಿಕೃತವಾಗಿ ಒಪ್ಪಿಕೊಂಡಿತು. ಇನ್ನೊಬ್ಬರು ರಘುನಾಥ ಕೃಷ್ಣ ಜೋಶಿ (1936–2008). ಜೆ.ಜೆ. ಶಾಲೆಯಲ್ಲಿ ಕಲಿತು, ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ವರ್ಷಗಟ್ಟಲೆ ಕಲಾನಿರ್ದೇಶಕರಾಗಿದ್ದು, ಆಮೇಲೆ ಐಡಿಸಿಯಲ್ಲಿ ಪ್ರಾಧ್ಯಾಪಕರಾದ ಜೋಶಿಯವರ ಬಾಳಿನಲ್ಲಿ ನೋಡುವ ಕಣ್ಣಿನಿಂದ ಹುಡುಕುವ ಕಣ್ಣಿಗೆ ನಡೆದ ಪಯಣ ಒಬ್ಬನೇ ವ್ಯಕ್ತಿಯಲ್ಲಿ ಕಾಣಸಿಗುತ್ತದೆ. ಕೊನೆಯ ವರ್ಷಗಳಲ್ಲಿ ಜುಹೂವಿನ ಸಂಸ್ಥೆಯಲ್ಲಿ ಭಾರತೀಯ ಲಿಪಿಗಳ ಗಣಕ ಫಾಂಟುಗಳಿಗೆ ಅವರು ದುಡಿದರು. ಮೈಕ್ರೋಸಾಫ್ಟ್‌ನ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಕನ್ನಡದ ‘ತುಂಗಾ’ ಫಾಂಟು ಅವರ ಮಾರ್ಗದರ್ಶನದಲ್ಲಿ ರೂಪುಗೊಂಡದ್ದು. ಹೀಗೆ ಕನ್ನಡಿಗರು ಗಣಕದ ತೆರೆಯ ಮೇಲೆ ಯೂನಿಕೋಡ್ ಕನ್ನಡವನ್ನು ಮೊದಲು ಓದಿದ್ದು ಬಹುಮಟ್ಟಿಗೆ ಮುಂಬಯಿಯ ಕೈಬರಹದಲ್ಲಿ. ಅಂದಿನ ಒರಟು ತೆರೆಗಳ ಮೇಲೆ, ಸಣ್ಣ ಗಾತ್ರದಲ್ಲಿ, ತುಂಗಾ ತೆಳುವಾಗಿ ಕಾಣುತ್ತಿತ್ತೆಂಬುದು ನಿಜ. ಆದರೆ ಅದು ಕಾಣುತ್ತಿತ್ತು ಎಂಬುದು ಅದಕ್ಕಿಂತ ದೊಡ್ಡ ನಿಜ.

ಅಕ್ಷರ ಕಾಣಿಸಿದ ಮೇಲೆ ಎರಡನೆಯ ಹಂತದ ದೋಷಗಳು ಕಣ್ಣಿಗೆ ಬಿದ್ದವು. ಕನ್ನಡದ ಅಕ್ಷರ ಅಡ್ಡಗೆರೆಯ ಮೇಲೆ ತಲೆಕಟ್ಟು, ಗುಡಿಸುಗಳಿಗೂ ಕೆಳಗೆ ಒತ್ತಕ್ಷರಗಳಿಗೂ ಜಾಗ ಕೇಳುತ್ತದೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಮಾತುಗಳಲ್ಲಿ ಒಂದರ ಕೆಳಗೋ ಪಕ್ಕಕ್ಕೋ ಇನ್ನೊಂದು ಒತ್ತು ಸೇರಿದಾಗ ಅಕ್ಷರ ಬಹಳ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಅಳೆದ ಸಾಲಂತರದಲ್ಲಿ, ಅಂದರೆ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಬಿಡುವ ಎಡೆಯಲ್ಲಿ, ಕನ್ನಡವನ್ನು ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ಬಡಿಯುತ್ತದೆ. ಗುಂಡಿಯೊಳಗಿನ ಪದವಾದರೆ ಅದರ ಪಾದವೇ ಕತ್ತರಿಸಿಹೋಗುತ್ತದೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದ ಕೆಲಸಗಾರನಿಗೆ ಈ ಅಂತರ ಬೆರಳಿನ ತುದಿಯಲ್ಲಿ ಗೊತ್ತಿತ್ತು. ಪುಟವನ್ನು ಇಂಗ್ಲಿಷಿನಲ್ಲಿ ರಚಿಸಿ ಆಮೇಲೆ ಕನ್ನಡವನ್ನು ಸುರಿಯುವ ಕಂಪನಿಗಳಿಗೆ ಗೊತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಒತ್ತು ಕೊಡಲು ದೊಡ್ಡಕ್ಷರ, ಓರೆಯಕ್ಷರಗಳಿವೆ. ಕನ್ನಡಕ್ಕೆ ದೊಡ್ಡಕ್ಷರವೆಂಬುದೇ ಇಲ್ಲ, ದುಂಡಗಿನ ಕನ್ನಡವನ್ನು ಯಂತ್ರದಿಂದ ಓರೆಮಾಡಿದರೆ ಅಕ್ಷರ ಗಾಳಿಗೆ ಬಿದ್ದಂತೆ ಕಾಣುತ್ತದೆ. ಆದ್ದರಿಂದ ಇಂಗ್ಲಿಷ್ ಪುಟದಲ್ಲಿ ಗುಣವಾದದ್ದು ಕನ್ನಡ ಪುಟದಲ್ಲಿ ದೋಷವಾಗುವುದು ಅಪರೂಪವೇನಲ್ಲ.

ಈ ಅರಿವು ಬೆಳೆದದ್ದರಲ್ಲಿ ಮತ್ತೆ ಮುಂಬಯಿಯ ಹೊಸ ತಲೆಮಾರಿನ ಕೈಯಿದೆ. ಗಿರೀಶ್ ದಳವಿ, ನೂಪುರ್ ದಾತ್ಯೆ, ಸಾರಂಗ್ ಕುಲಕರ್ಣಿ ಮೊದಲಾದವರ ‘ಏಕ್ ಟೈಪ್’ ಬಳಗ ಹಲವು ಭಾರತೀಯ ಲಿಪಿಗಳಿಗೆ ಒಟ್ಟಿಗೆ ರೂಪಿಸಿದ ‘ಬಾಲೂ’ ಕುಟುಂಬದಲ್ಲಿ ಕನ್ನಡದ ರೂಪಕ್ಕೆ ‘ಬಾಲೂ ತಮ್ಮ’ ಎಂದು ಹೆಸರು. 2022ರಲ್ಲಿ ಹೊರಬಂದ ‘ಅನೇಕ್’ ಕುಟುಂಬದಲ್ಲಿಯೂ ಕನ್ನಡವಿದೆ. ಎರಡೂ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದವು. ಬರೆಯುವ ಬದಿಯಲ್ಲಿ ಐಡಿಸಿಯ ಅನಿರುದ್ಧ ಜೋಶಿಯವರ ತಂಡ 2013ರಲ್ಲಿ ಮೊಬೈಲಿಗಾಗಿ ‘ಸ್ವರಚಕ್ರ’ ಎಂಬ ಕೀಲಿಮಣೆಯನ್ನು ಬಿಡುಗಡೆ ಮಾಡಿತು. ವ್ಯಂಜನವನ್ನು ಮುಟ್ಟಿದೊಡನೆ ಅದರ ಸುತ್ತ ಗುಣಿತಾಕ್ಷರಗಳ ಚಕ್ರ ಅರಳುವ ಈ ಕ್ರಮ, ಕಾಗುಣಿತವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವರ ನೆನಪನ್ನೇ ವಿನ್ಯಾಸದ ಆಧಾರವಾಗಿ ಮಾಡಿಕೊಂಡಿತು.

ಮೊಬೈಲು ಬಂದ ಮೇಲೆ ಇಂಡಿಕೇಟರ್ ಜೇಬಿಗಿಳಿಯಿತು. 2010ರ ಸುಮಾರಿಗೆ ಬಳಕೆಗೆ ಬಂದ ‘ಎಂ-ಇಂಡಿಕೇಟರ್’ ಎಂಬ ಆ್ಯಪ್ ಹೆಸರಿನಲ್ಲಿಯೇ ತನ್ನ ವಂಶವನ್ನು ಹೇಳಿಕೊಂಡಿತು. ಅದರ ಅಂದಚಂದದ ಬಗ್ಗೆ ವಿನ್ಯಾಸಕರು ಏನೇ ಅನ್ನಲಿ, ಜಾಲಸಂಪರ್ಕ ಇಲ್ಲದಿದ್ದರೂ ವೇಳಾಪಟ್ಟಿ ತೆರೆಯುತ್ತಿದ್ದುದರಿಂದ ಪ್ರಯಾಣಿಕರು ಅದನ್ನು ಬಿಡಲಿಲ್ಲ. ಇನ್ನೊಂದು ಕಡೆ, ರೈಲ್ವೆಯ ಕಾಗದರಹಿತ ಟಿಕೆಟಿನ ಆ್ಯಪ್ 2015ರಲ್ಲಿ ಮುಂಬಯಿಯಲ್ಲಿ ಬಂದಾಗ, ನಿಲ್ದಾಣದ ಒಳಗೆ ನಿಂತು ಟಿಕೆಟ್ ಕೊಳ್ಳಲಾಗದಂತೆ ಅದರಲ್ಲಿ ತಡೆಯಿತ್ತು. ಟಿಕೆಟಿಲ್ಲದೆ ಹತ್ತಿ, ತಪಾಸಣೆಯವರು ಕಂಡಾಗ ಕೊಂಡುಬಿಡುವವರನ್ನು ತಡೆಯಲು ಆ ನಿಯಮ ಬೇಕಿತ್ತು. ಆದರೆ ಟಿಕೆಟಿನ ನೆನಪಾಗುವುದೇ ನಿಲ್ದಾಣ ಕಂಡಾಗ ಎಂಬ ಮನುಷ್ಯಸ್ವಭಾವಕ್ಕೆ ಅದು ಎದುರಾಗಿತ್ತು. ಒಳ್ಳೆಯ ಕಾರಣದಿಂದ ಹುಟ್ಟಿದ ಕೆಟ್ಟ ಅನುಭವಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಇಲ್ಲಿ ದೋಷ ವಿನ್ಯಾಸಕನದಲ್ಲ, ನಿಯಮದ್ದು.

ಮೋಸದ ವಿನ್ಯಾಸ ಬೇರೆಯೇ ಜಾತಿ. ಕೊಳ್ಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಇಲ್ಲದ ಅವಸರವನ್ನು ಹುಟ್ಟಿಸುವುದು, ಬೇಡವೆನ್ನುವವನನ್ನು ನಾಚಿಸುವುದು ಮುಂತಾದ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು ಹ್ಯಾರಿ ಬ್ರಿಗ್ನಲ್ 2010ರಲ್ಲಿ ಹೆಸರಿಟ್ಟರು. ಮುಂಬಯಿಯಲ್ಲಿ 1985ರಿಂದ ಕೆಲಸ ಮಾಡುತ್ತಿರುವ ಜಾಹೀರಾತು ಮಾನದಂಡ ಮಂಡಳಿ 2023ರಲ್ಲಿ ಇವುಗಳ ಬಗ್ಗೆ ನಿಯಮಗಳನ್ನು ಹೊರಡಿಸಿತು; ಅದೇ ವರ್ಷದ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹದಿಮೂರು ಬಗೆಯ ಮೋಸಗಳನ್ನು ಪಟ್ಟಿಮಾಡಿ ನಿಷೇಧಿಸಿತು.

ಕಣ್ಣಿನ ಎರಡೂ ಅಳತೆಗಳನ್ನು ಅಲುಗಿಸಿದ್ದು ಕಣ್ಣಿಲ್ಲದವರು. ಮುಂಬಯಿಯಲ್ಲಿ ಅಂಧರ ಸಂಘಟನೆಗೆ ದೀರ್ಘ ಚರಿತ್ರೆಯಿದೆ: ತಾಡದೇವದ ವಿಕ್ಟೋರಿಯಾ ಮೆಮೋರಿಯಲ್ ಅಂಧರ ಶಾಲೆ 1902ರದು, ರಾಷ್ಟ್ರೀಯ ಅಂಧರ ಸಂಘ 1952ರದು, ಸೇಂಟ್ ಝೇವಿಯರ್ಸ್ ಕಾಲೇಜಿನ ದೃಷ್ಟಿಹೀನರ ಸಂಪನ್ಮೂಲ ಕೇಂದ್ರ 2003ರದು. ತೆರೆಯ ಮೇಲಿನ ಬರಹವನ್ನು ಧ್ವನಿಯಾಗಿ ಓದಿಹೇಳುವ ‘ಸ್ಕ್ರೀನ್ ರೀಡರ್’ ಎಂಬ ತಂತ್ರಾಂಶ, ವಿಶೇಷವಾಗಿ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಉಚಿತ ‘ಎನ್‌ವಿಡಿಎ’, ಅವರ ಕೈಗೆ ಬಂದಾಗ ಜಾಲತಾಣಗಳ ಒಳಗಿನ ಕಟ್ಟಡ ಮೊದಲ ಬಾರಿಗೆ ಬಯಲಾಯಿತು. ಹೊರಗಿನಿಂದ ಥಳಥಳಿಸುವ ಗುಂಡಿಯನ್ನು ಚಿತ್ರವಾಗಿ ಹಾಕಿ ಅದಕ್ಕೆ ಹೆಸರು ಕೊಡದಿದ್ದರೆ, ಯಂತ್ರ ‘ಗ್ರಾಫಿಕ್’ ಎಂದಷ್ಟೇ ಉಲಿಯುತ್ತದೆ. ಅದು ಹಣ ಕಳಿಸುವ ಗುಂಡಿಯೋ ಖಾತೆ ಮುಚ್ಚುವ ಗುಂಡಿಯೋ ತಿಳಿಯದು. ಕಣ್ಣಿಗೆ ಗುಣವೆಂದು ತೋರಿದ್ದು ಕಿವಿಗೆ ಗೋಡೆಯಾಗುವ ಬಗೆ ಇದು. ಉಪನಗರ ರೈಲು ಈ ಪಾಠವನ್ನೂ ತನ್ನ ಮಟ್ಟಿಗೆ ಕಲಿತಿತ್ತು: ಪ್ಲಾಟ್‌ಫಾರ್ಮಿನಲ್ಲಿ ಅಂಗವಿಕಲರ ಬೋಗಿ ನಿಲ್ಲುವ ಜಾಗದಲ್ಲಿ ಬಿಟ್ಟುಬಿಟ್ಟು ಸದ್ದು ಮಾಡುವ ಸಾಧನವಿದೆ, ಅದು ಕಿವಿಗಾಗಿಯೇ ಮಾಡಿದ ಇಂಡಿಕೇಟರ್.

ಇಂಥ ಗೋಡೆಗಳಿಲ್ಲದಂತೆ ಜಾಲತಾಣ ಕಟ್ಟುವುದಕ್ಕೆ, ಅಂದರೆ ಸುಗಮ್ಯತೆಗೆ, ಅಂತರರಾಷ್ಟ್ರೀಯ ಮಾರ್ಗಸೂಚಿಗಳು 1999ರಲ್ಲಿ ಬಂದವು. ಭಾರತ ಸರ್ಕಾರದ ಜಾಲತಾಣಗಳ ಮಾರ್ಗಸೂಚಿ 2009ರಲ್ಲಿ, ಅಂಗವಿಕಲರ ಹಕ್ಕುಗಳ ಕಾಯಿದೆ 2016ರಲ್ಲಿ. ಮಾರ್ಗಸೂಚಿ ಎಂಬ ಮಾತೇ ಸೂಚಿಸುವಂತೆ ಪಾಲಿಸಿದರೆ ಪಾಲಿಸಬಹುದು ಎಂಬ ಸ್ಥಿತಿ ಬಹುಕಾಲ ಉಳಿಯಿತು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಕಡ್ಡಾಯವಾಗಬೇಕಾದದ್ದನ್ನು ಬರಿಯ ಮಾರ್ಗಸೂಚಿಯಾಗಿ ಬಿಟ್ಟ ನಿಯಮ ಮೂಲ ಕಾಯಿದೆಗೆ ವಿರುದ್ಧವೆಂದಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ, ಆಸಿಡ್ ದಾಳಿಗೆ ತುತ್ತಾದ ಪ್ರಜ್ಞಾ ಪ್ರಸೂನ್ ಮತ್ತು ದೃಷ್ಟಿಹೀನ ವಕೀಲ ಅಮರ್ ಜೈನ್ ಅವರ ಅರ್ಜಿಗಳಲ್ಲಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಅವಕಾಶ ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ ಇಪ್ಪತ್ತು ನಿರ್ದೇಶನಗಳನ್ನು ಕೊಟ್ಟಿತು. ವಿವಾದದ ಮೂಲವಾಗಿದ್ದದ್ದು ಒಂದು ಸಣ್ಣ ತೆರೆ: ಗುರುತಿನ ಪರಿಶೀಲನೆಗಾಗಿ ಕಣ್ಣು ಮಿಟುಕಿಸಿ ಎಂದು ಅದು ಕೇಳುತ್ತಿತ್ತು.

ಮುಂಬಯಿಯ ಕನ್ನಡ ಸಂಘಸಂಸ್ಥೆಗಳಿಗೆ ಈ ಚರಿತ್ರೆಯಲ್ಲಿ ಒಂದು ನೇರವಾದ ಕೆಲಸವಿದೆ. ನಾಟಕ, ಯಕ್ಷಗಾನ, ಪುಸ್ತಕ ಬಿಡುಗಡೆಗಳ ಆಮಂತ್ರಣಗಳು ಇಂದಿಗೂ ಬಹುಮಟ್ಟಿಗೆ ಬಣ್ಣದ ಚಿತ್ರಗಳಾಗಿಯೇ ಜಾಲತಾಣಗಳಲ್ಲೂ ಮೊಬೈಲುಗಳಲ್ಲೂ ಹರಡುತ್ತವೆ. ಚಿತ್ರದೊಳಗಿನ ಕನ್ನಡವನ್ನು ಸ್ಕ್ರೀನ್ ರೀಡರ್ ಹಾಗೆಯೇ ಓದಿಹೇಳಲಾರದು, ಹತ್ತು ವರ್ಷಗಳ ನಂತರ ಸಂಶೋಧಕನೊಬ್ಬ ಆ ಕಾರ್ಯಕ್ರಮದ ತಾರೀಖನ್ನು ಹುಡುಕಿದರೆ ಅದು ಸುಲಭವಾಗಿ ಸಿಗುವುದೂ ಇಲ್ಲ. ಚಿತ್ರವನ್ನು ಧಾರಾಳವಾಗಿ ಹಾಕಲಿ. ಅದರ ಕೆಳಗೆ ದಿನ, ಹೊತ್ತು, ಸ್ಥಳ, ಹತ್ತಿರದ ರೈಲು ನಿಲ್ದಾಣ ಇಷ್ಟನ್ನು ಯೂನಿಕೋಡ್ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲಿ.